ಹಳೆಯ ಕಾರಿನ ಇಂಜಿನ್ ಕೆಟ್ಟಾಗ: ದುರಸ್ತಿಯೋ, ಗುಜರಿಯೋ? – ವಾಹನ ಮಾಲೀಕರಿಗೆ ಮಾಹಿತಿ

ಹದಿನೈದು, ಹದಿನೆಂಟು ವರ್ಷ ಓಡಿದ ಕಾರಿನ ಇಂಜಿನ್ ಕೆಟ್ಟಾಗ ಮಾಲೀಕರ ಮುಂದೆ ಎರಡು ದಾರಿಗಳಿರುತ್ತವೆ. ಹಣ ಹಾಕಿ ಇಂಜಿನ್ ಕೆಲಸ ಮಾಡಿಸುವುದು ಒಂದು. ವಾಹನವನ್ನು ಗುಜರಿಗೆ ಹಾಕುವುದು ಇನ್ನೊಂದು. ಹೆಚ್ಚಿನ ಕುಟುಂಬಗಳಲ್ಲಿ ಈ ತೀರ್ಮಾನವು ಗ್ಯಾರೇಜಿನ ಬಾಗಿಲಲ್ಲಿ ನಿಂತು ಅರ್ಧ ಗಂಟೆಯೊಳಗೆ ಆಗಿಬಿಡುತ್ತದೆ. ಹೀಗೆ ಅವಸರದಲ್ಲಿ ಕೈಗೊಂಡ ತೀರ್ಮಾನದಿಂದ ಎರಡು ರೀತಿಯ ನಷ್ಟ ಸಂಭವಿಸಬಹುದು. ಮೂರು ಸಾವಿರ ರೂಪಾಯಿಯಲ್ಲಿ ಸರಿಹೋಗುತ್ತಿದ್ದ ಕಾರು ಗುಜರಿ ಸೇರಬಹುದು, ಅಥವಾ ತಳ ತುಕ್ಕು ಹಿಡಿದ ಕಾರಿಗೆ ಐವತ್ತು ಸಾವಿರ ರೂಪಾಯಿಯ ಇಂಜಿನ್ ಕೆಲಸ ನಡೆಯಬಹುದು. ಇವೆರಡಕ್ಕಿಂತ ದೊಡ್ಡದಾದ ಮೂರನೆಯ ನಷ್ಟವೊಂದಿದೆ. ಅದು ನೋಂದಣಿ ರದ್ದುಪಡಿಸದೆ ವಾಹನವನ್ನು ಕೈಬಿಡುವುದರಿಂದ ಉಂಟಾಗುವಂತಹದು. ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹದಿನೈದು ವರ್ಷ ಎಂದರೆ ಕಡ್ಡಾಯ ಗುಜರಿ ಎಂದಲ್ಲ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಅವಶ್ಯ. ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ಕರ್ನಾಟಕದಲ್ಲಿ ಕಡ್ಡಾಯವಾಗಿ ಗುಜರಿಗೆ ಹಾಕಬೇಕೆಂಬ ನಿಯಮವಿಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಪ್ರಕಾರ ಸಾರಿಗೇತರ ವಾಹನದ ನೋಂದಣಿ ಪತ್ರವು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ತದನಂತರ ವಾಹನವು ಸುಸ್ಥಿತಿಯಲ್ಲಿದ್ದರೆ ಪ್ರತಿ ಬಾರಿ 5 ವರ್ಷಗಳ ಅವಧಿಗೆ ನವೀಕರಿಸಲು ಅವಕಾಶವಿದೆ. ಗೊಂದಲಕ್ಕೆ ಕಾರಣ ದೆಹಲಿಯ ಸುದ್ದಿಗಳು. ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರದ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಹೊರಡಿಸಿದ್ದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿದಿತ್ತು. ಆ ಆದೇಶವು ಆ ಪ್ರದೇಶಕ್ಕೆ ಸಂಬಂಧಿಸಿದ್ದು. ಅದೇ ರೀತಿ 2023ರ ಏಪ್ರಿಲ್ 1 ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಲಾಗುವುದಿಲ್ಲ. ಇದೂ ಖಾಸಗಿ ಕಾರಿಗೆ ಅನ್ವಯಿಸುವುದಿಲ್ಲ. "ಇನ್ನು ಈ ಗಾಡಿ ಓಡಿಸುವ ಹಾಗಿಲ್ಲ, ಬಂದಷ್ಟಕ್ಕೆ ಕೊಟ್ಟುಬಿಡಿ" ಎಂದು ಯಾರಾದರೂ ಹೇಳಿದಲ್ಲಿ ಮಾಲೀಕರು ಆ ಮಾತಿಗೆ ಒಳಗಾಗದೆ ತಮ್ಮ ನೋಂದಣಿ ಪತ್ರದಲ್ಲಿನ ದಿನಾಂಕವನ್ನು ನೋಡಿಕೊಳ್ಳತಕ್ಕದ್ದು.

ಇಂಜಿನ್ ಕೆಟ್ಟಿದೆ ಎಂಬ ಮಾತಿನ ಅರ್ಥ

"ಇಂಜಿನ್ ಹೋಗಿದೆ" ಎಂಬ ಒಂದೇ ಮಾತಿನೊಳಗೆ ಹತ್ತಾರು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಇವುಗಳಲ್ಲಿ ಕೆಲವಕ್ಕೆ ಇಂಜಿನ್ ಕೆಳಗಿಳಿಸುವ ಅಗತ್ಯವೇ ಇರುವುದಿಲ್ಲ. ಕಾರು ಎಳೆಯುತ್ತಿಲ್ಲ, ಅದುರುತ್ತದೆ, ನಿಂತಲ್ಲೇ ಆಫ್ ಆಗುತ್ತದೆ ಎಂಬ ದೂರುಗಳಿಗೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಕಟ್ಟಿಕೊಂಡ ಇಂಧನ ಫಿಲ್ಟರ್ ಅಥವಾ ಏರ್ ಫಿಲ್ಟರ್, ಕೆಟ್ಟ ಸೆನ್ಸರ್ ಕಾರಣವಾಗಿರಬಹುದು. ಇಂಜಿನ್ ಬಿಸಿಯಾಗುತ್ತದೆ ಎಂಬ ದೂರಿಗೆ ಥರ್ಮೋಸ್ಟಾಟ್, ರೇಡಿಯೇಟರ್ ಫ್ಯಾನ್, ವಾಟರ್ ಪಂಪ್ ಅಥವಾ ಒಂದು ಸೀಳಿದ ರಬ್ಬರ್ ಪೈಪು ಕಾರಣವಾಗಿರಬಹುದು. ಇವೆಲ್ಲವೂ ಸಣ್ಣ ಖರ್ಚಿನ ಬಾಬುಗಳು. ಆದರೆ ಬಿಸಿಯಾಗುತ್ತಿರುವ ಕಾರನ್ನು "ಮನೆವರೆಗೆ ಹೇಗೋ ಹೋಗೋಣ" ಎಂದು ಓಡಿಸಿದರೆ ಸಿಲಿಂಡರ್ ಹೆಡ್ ಬಾಗಿ ಸಣ್ಣ ಖರ್ಚು ದೊಡ್ಡ ಖರ್ಚಾಗುತ್ತದೆ. ಉಷ್ಣಾಂಶದ ಮುಳ್ಳು ಕೆಂಪು ಗೆರೆ ತಲುಪಿದಲ್ಲಿ ಕಾರನ್ನು ನಿಲ್ಲಿಸಿ ಎಳೆದೊಯ್ಯುವ ವ್ಯವಸ್ಥೆ ಮಾಡುವುದೇ ಉಳಿತಾಯ.

ಹೊಗೆಯ ಬಣ್ಣವು ಸಾಕಷ್ಟು ವಿಷಯವನ್ನು ತಿಳಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಕಪ್ಪು ಹೊಗೆ ಬಂದರೆ ಇಂಧನವು ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ ಎಂದರ್ಥ. ಇದು ಸಾಮಾನ್ಯವಾಗಿ ಇಂಜಿನ್ನಿನ ಹೊರಗಿನ ಭಾಗಗಳ ದೋಷ. ನೀಲಿ ಹೊಗೆಯು ಇಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲುಗಳು ಗಟ್ಟಿಯಾಗಿರಬಹುದು. ವೇಗ ಹೆಚ್ಚಿಸಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವವಿದೆ. ಎಡೆಬಿಡದೆ ಬರುವ ದಟ್ಟ ಬಿಳಿ ಹೊಗೆ, ಅದರ ಜೊತೆಗೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುವುದು, ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಲೋಳೆ ಕಾಣುವುದು – ಇವು ಹೆಡ್ ಗ್ಯಾಸ್ಕೆಟ್ ಸೋರುತ್ತಿರುವ ಲಕ್ಷಣಗಳು. ಮಡಿಕೇರಿ, ಚಿಕ್ಕಮಗಳೂರಿನಂತಹ ಕಡೆ ಚಳಿಗಾಲದ ಬೆಳಗ್ಗೆ ಎರಡು ನಿಮಿಷ ಕಾಣುವ ತೆಳು ಬಿಳಿ ಹೊಗೆಯು ಬರೀ ನೀರಾವಿ. ಅದಕ್ಕಾಗಿ ಇಂಜಿನ್ ಬಿಚ್ಚಿಸುವ ಅಗತ್ಯವಿಲ್ಲ.

ಶಬ್ದದ ವಿಷಯದಲ್ಲಿ ಇಂಜಿನ್ನಿನ ಮೇಲ್ಭಾಗದಿಂದ ಬರುವ ಸಣ್ಣ ಟಕಟಕ ಶಬ್ದವು ಬಹುಪಾಲು ವಾಲ್ವ್ ಹೊಂದಾಣಿಕೆಗೆ ಸಂಬಂಧಿಸಿದ್ದು. ಕೆಳಭಾಗದಿಂದ ಬರುವ ಭಾರವಾದ ಬಡಿತ, ಅದರೊಡನೆ ಆಯಿಲ್ ಪ್ರೆಷರ್ ದೀಪ ಉರಿಯುವುದು ಬೇರಿಂಗುಗಳು ಹೋಗಿರುವುದರ ಸೂಚನೆ. ಇದು ದೊಡ್ಡ ಕೆಲಸ. ಟೈಮಿಂಗ್ ಬೆಲ್ಟ್ ತುಂಡಾದ ಇಂಜಿನ್ನಿನಲ್ಲಿ ಕೆಲವು ಮಾದರಿಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ತಾಗಿ ಬಾಗುತ್ತವೆ. ಅಂತಹ ಸಂದರ್ಭದಲ್ಲಿ ಹೆಡ್ ಇಳಿಸಿ ನೋಡದೆ ಅಂದಾಜು ಹೇಳುವುದು ಸಾಧ್ಯವಿಲ್ಲ.

ಮೇಲಿನ ಲಕ್ಷಣಗಳೆಲ್ಲ ಊಹೆಗೆ ದಾರಿ ತೋರಿಸುತ್ತವೆಯೇ ಹೊರತು ತೀರ್ಮಾನಕ್ಕೆ ಸಾಲವು. ತೀರ್ಮಾನಕ್ಕೆ ಆಧಾರವಾಗುವುದು ಕಂಪ್ರೆಷನ್ ಪರೀಕ್ಷೆ. ಪ್ಲಗ್ ಬಿಚ್ಚಿ, ಆ ಜಾಗದಲ್ಲಿ ಗೇಜ್ ಅಳವಡಿಸಿ, ಇಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಲಾಗುತ್ತದೆ. ಇದಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಬೇಕಿಲ್ಲ, ಖರ್ಚೂ ಅಲ್ಪ. ಎಲ್ಲ ಸಿಲಿಂಡರುಗಳ ಅಳತೆ ಒಂದಕ್ಕೊಂದು ಸಮೀಪವಿದ್ದು ತಯಾರಕರು ನಿಗದಿಪಡಿಸಿದ ಮಿತಿಯೊಳಗಿದ್ದರೆ ಇಂಜಿನ್ನಿನ ಒಳಭಾಗ ಸರಿಯಿದೆ ಎಂದು ತಿಳಿಯಬಹುದು. ಒಂದು ಸಿಲಿಂಡರಿನಲ್ಲಿ ಮಾತ್ರ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚದಷ್ಟು ಇಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ಅಳೆಯುತ್ತಾರೆ. ಒತ್ತಡ ಏರಿದರೆ ದೋಷವಿರುವುದು ರಿಂಗುಗಳಲ್ಲಿ. ಏರದಿದ್ದರೆ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸೀಳಿರುವ ಸಂಭವ ಹೆಚ್ಚು. ಈ ವ್ಯತ್ಯಾಸವು ಹಣಕಾಸಿನ ದೃಷ್ಟಿಯಿಂದ ಬಹಳ ಮುಖ್ಯ. ಏಕೆಂದರೆ ಗ್ಯಾಸ್ಕೆಟ್ ಬದಲಿಸಿ ಹೆಡ್ಡಿಗೆ ಫೇಸಿಂಗ್ ಮಾಡಿಸುವ ಕೆಲಸಕ್ಕೂ, ಇಂಜಿನ್ ಇಳಿಸಿ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕುವ ಕೆಲಸಕ್ಕೂ ಖರ್ಚಿನಲ್ಲಿ ಹಲವು ಪಟ್ಟು ಅಂತರವಿರುತ್ತದೆ.

ಆದಕಾರಣ ಈ ಪರೀಕ್ಷೆ ಮಾಡದೆ ಇಂಜಿನ್ ಕೆಲಸಕ್ಕಾಗಲಿ, ಗುಜರಿಗಾಗಲಿ ಒಪ್ಪಿಗೆ ಕೊಡುವುದು ಸೂಕ್ತವಲ್ಲ. ಪರೀಕ್ಷೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಮತ್ತೊಂದು ಗ್ಯಾರೇಜಿನಲ್ಲಿ ತೋರಿಸಿ ಎರಡನೆಯ ಅಂದಾಜು ಪಡೆಯಬಹುದು. ಅಂದಾಜು ಪತ್ರದಲ್ಲಿ ಬಿಡಿಭಾಗಗಳ ಬೆಲೆ, ಲೇತ್ ಕೆಲಸದ ಕೂಲಿ, ಬಿಚ್ಚಿ ಜೋಡಿಸುವ ಕೂಲಿ ಇವು ಬೇರೆ ಬೇರೆಯಾಗಿ ನಮೂದಾಗಿರಬೇಕು. "ಬಿಚ್ಚಿದ ಮೇಲೆ ನೋಡೋಣ" ಎಂಬ ಉತ್ತರ ಕೆಲವೊಮ್ಮೆ ನಿಜವಾದರೂ, ಬಿಚ್ಚಿದ ನಂತರ ಮಾಲೀಕರ ಅನುಮತಿಯಿಲ್ಲದೆ ಮುಂದಿನ ಕೆಲಸ ಮಾಡಬಾರದೆಂದು ಮೊದಲೇ ತಿಳಿಸಿಡುವುದು ಒಳ್ಳೆಯದು. ಬಿಚ್ಚಿದ ಇಂಜಿನ್ನಿನ ಮುಂದೆ ನಿಂತು ಚೌಕಾಶಿ ಮಾಡುವ ಶಕ್ತಿ ಯಾವ ಮಾಲೀಕರಿಗೂ ಇರುವುದಿಲ್ಲ.

ಇಂಜಿನ್ನಿಗಿಂತ ಮೊದಲು ನೋಡಬೇಕಾದದ್ದು

ಹಳೆಯ ಕಾರಿನ ಆಯುಷ್ಯವನ್ನು ನಿರ್ಧರಿಸುವುದು ಇಂಜಿನ್ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಇಂಜಿನ್ ಬಿಚ್ಚಿ ಸರಿಪಡಿಸಬಹುದಾದ ಭಾಗ. ಸರಿಪಡಿಸಲಾಗದ್ದು ಕಾರಿನ ಮೈ. ಇಂದಿನ ಬಹುತೇಕ ಕಾರುಗಳಲ್ಲಿ ಪ್ರತ್ಯೇಕವಾದ ಚಾಸಿಸ್ ಚೌಕಟ್ಟು ಇರುವುದಿಲ್ಲ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗಗಳು ಇವೇ ಸೇರಿ ಭಾರ ಹೊರುವ ಚೌಕಟ್ಟಾಗಿರುತ್ತವೆ. ಇವು ತುಕ್ಕಿನಿಂದ ತೂತುಬಿದ್ದಲ್ಲಿ ಅಪಘಾತದ ಸಮಯದಲ್ಲಿ ಒಳಗಿರುವವರಿಗೆ ರಕ್ಷಣೆ ದೊರೆಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿ ಪ್ರದೇಶದ ಉಪ್ಪುಗಾಳಿಯಲ್ಲಿ ಮತ್ತು ಮಲೆನಾಡಿನ ದೀರ್ಘ ಮಳೆಗಾಲದಲ್ಲಿ ನಿಂತ ಕಾರುಗಳಿಗೆ ಈ ತೊಂದರೆ ಬೇಗ ಬರುತ್ತದೆ. ಕಲಬುರಗಿ ಅಥವಾ ಬಳ್ಳಾರಿಯಲ್ಲಿ ನೆರಳಿನಲ್ಲಿದ್ದ ಅದೇ ವರ್ಷದ ಕಾರಿನ ತಳ ಗಟ್ಟಿಯಾಗಿಯೇ ಇರಬಹುದು.

ಕಾರನ್ನು ಲಿಫ್ಟ್ ಮೇಲೆ ಏರಿಸಿ, ನೆಲಹಾಸನ್ನು ತೆಗೆಸಿ, ಸ್ಕ್ರೂಡ್ರೈವರ್ ಹಿಡಿಯಿಂದ ತಳವನ್ನು ತಟ್ಟಿ ನೋಡಬೇಕು. ಮೇಲ್ಮೈ ತುಕ್ಕು ಇದ್ದರೆ ಉಜ್ಜಿ ಬಣ್ಣ ಬಳಿಯಬಹುದು. ಸಸ್ಪೆನ್ಷನ್ ಜೋಡಣೆಯ ಸುತ್ತ ತಗಡು ಪುಡಿಯಾಗಿ ಉದುರುತ್ತಿದ್ದರೆ ಅಂತಹ ಕಾರಿಗೆ ಇಂಜಿನ್ ಕೆಲಸ ಮಾಡಿಸುವುದು ಹಣವನ್ನು ನೀರಿಗೆ ಹಾಕಿದಂತೆ. ಅಲ್ಲಿಗೆ ಲೆಕ್ಕಾಚಾರದ ಅವಶ್ಯಕತೆಯೇ ಇಲ್ಲ.

ಬಿಡಿಭಾಗಗಳ ಲಭ್ಯತೆಯನ್ನೂ ವಿಚಾರಿಸತಕ್ಕದ್ದು. 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಆದರೆ ಲಕ್ಷಾಂತರ ಕಾರುಗಳು ಮಾರಾಟವಾಗಿದ್ದರಿಂದ ಹಾಗೂ ಅದೇ 796 ಸಿಸಿ ಇಂಜಿನ್ ಕುಟುಂಬವು ಓಮ್ನಿಯಂತಹ ಇತರ ಮಾದರಿಗಳಲ್ಲಿಯೂ ಬಳಕೆಯಾಗಿದ್ದರಿಂದ ಅದರ ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟುಗಳು ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲಿ ದೊರೆಯುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಂತೂ ಸರಿಯೇ. ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗಿ, ತಯಾರಕರೇ ದೇಶದಿಂದ ನಿರ್ಗಮಿಸಿರುವ ಮಾದರಿಗಳ ಮಾಲೀಕರಿಗೆ ಈ ಅನುಕೂಲವಿರುವುದಿಲ್ಲ. ಅಂತಹವರು ಬಿಡಿಭಾಗ ಕೈಗೆ ಬಂದ ನಂತರವೇ ಇಂಜಿನ್ ಇಳಿಸಲು ಒಪ್ಪಿಗೆ ನೀಡುವುದು ಕ್ಷೇಮ.

ಇನ್ನೊಂದು ವಿಷಯ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡು ಹಂತ ಹಂತವಾಗಿ ಎಲ್ಲೆಡೆ ಮಾರಾಟಕ್ಕೆ ಬಂದಿದೆ. ಹಳೆಯ ಕಾರುಗಳ ಇಂಧನ ಪೈಪು, ರಬ್ಬರ್ ಸೀಲು, ಗ್ಯಾಸ್ಕೆಟ್ಟುಗಳು ಇಂತಹ ಇಂಧನಕ್ಕಾಗಿ ರೂಪಿಸಿದವಲ್ಲ. ಇಂಜಿನ್ ಕೆಲಸ ಮಾಡಿಸುವವರು ಅದೇ ಸಮಯದಲ್ಲಿ ಈ ರಬ್ಬರ್ ಭಾಗಗಳನ್ನೂ ಬದಲಿಸುವ ಖರ್ಚನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ಲೆಕ್ಕ ಹಾಕುವ ಕ್ರಮ

ಮಾಲೀಕರು ಸಾಮಾನ್ಯವಾಗಿ ಎರಡು ತಪ್ಪು ಲೆಕ್ಕಗಳನ್ನು ಹಾಕುತ್ತಾರೆ. ಮೊದಲನೆಯದು, "ಕಳೆದ ವರ್ಷವಷ್ಟೇ ಇಪ್ಪತ್ತು ಸಾವಿರ ಹಾಕಿ ಎ.ಸಿ., ಕ್ಲಚ್ ಮಾಡಿಸಿದ್ದೇವೆ, ಈಗ ಬಿಟ್ಟರೆ ಅದೆಲ್ಲ ವ್ಯರ್ಥ" ಎಂಬುದು. ಖರ್ಚಾಗಿ ಹೋದ ಹಣವು ದುರಸ್ತಿ ಮಾಡಿಸಿದರೂ ಹಿಂದಿರುಗುವುದಿಲ್ಲ, ಗುಜರಿಗೆ ಹಾಕಿದರೂ ಹಿಂದಿರುಗುವುದಿಲ್ಲ. ಆದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ. ಎರಡನೆಯದು, "ಕಾರಿನ ಬೆಲೆಯೇ ನಲವತ್ತು ಸಾವಿರ, ಇಂಜಿನ್ನಿಗೆ ನಲವತ್ತು ಸಾವಿರ ಹಾಕುವುದು ದಡ್ಡತನ" ಎಂಬುದು. ಮಾರುವ ಉದ್ದೇಶವಿದ್ದಲ್ಲಿ ಈ ಮಾತು ಸರಿ. ಆದರೆ ಇಟ್ಟುಕೊಂಡು ಓಡಿಸುವವರಿಗೆ ಮಾರುಕಟ್ಟೆ ಬೆಲೆಗಿಂತ ಮುಖ್ಯವಾದುದು ಆ ಹಣಕ್ಕೆ ಎಷ್ಟು ವರ್ಷದ ಸೇವೆ ದೊರೆಯುತ್ತದೆ, ಅದೇ ಸೇವೆಯನ್ನು ಬೇರೆ ರೀತಿಯಲ್ಲಿ ಪಡೆದರೆ ಎಷ್ಟು ಖರ್ಚಾಗುತ್ತದೆ ಎಂಬುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬೆಲೆ, ಕೂಲಿಗಳ ಅಂಕಿಗಳನ್ನು ಲೆಕ್ಕದ ಕ್ರಮ ತೋರಿಸುವುದಕ್ಕಾಗಿ ಮಾತ್ರ ಕಲ್ಪಿಸಲಾಗಿದೆ. ಊರಿನಿಂದ ಊರಿಗೆ ಇವು ಬೇರೆಯಾಗುತ್ತವೆ. ಹಾಸನದಲ್ಲಿರುವ ಒಬ್ಬ ನಿವೃತ್ತ ನೌಕರರ ಬಳಿ 2008ರಲ್ಲಿ ನೋಂದಣಿಯಾಗಿ, 2023ರಲ್ಲಿ ನವೀಕರಣಗೊಂಡ ಮಾರುತಿ 800 ಕಾರು ಇದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೊಮ್ಮೆ ಆಸ್ಪತ್ರೆಗೆ, ಆಗಾಗ್ಗೆ ಊರಿನ ತೋಟಕ್ಕೆ, ಹಬ್ಬ ಮದುವೆಗಳಿಗೆ ಸೇರಿ ವರ್ಷಕ್ಕೆ 3,000 ಕಿ.ಮೀ. ಓಡುತ್ತದೆ. ನೀಲಿ ಹೊಗೆ ಬರುತ್ತಿದ್ದು, ಪರೀಕ್ಷೆಯಲ್ಲಿ ರಿಂಗುಗಳು ಸವೆದಿರುವುದು ಖಚಿತವಾಗಿದೆ. ಕಾರಿನ ತಳ ಗಟ್ಟಿಯಾಗಿದೆ. ಇಂಜಿನ್ ಕೆಲಸಕ್ಕೆ ರೂ. 38,000, ಟೈರು ಮತ್ತು ಬ್ಯಾಟರಿಗೆ ರೂ. 16,000, ಒಟ್ಟು ರೂ. 54,000 ಬೇಕು. 2028ರಲ್ಲಿ 20 ವರ್ಷ ತುಂಬಿದ ಮೇಲಿನ ನವೀಕರಣಕ್ಕೆ ಶುಲ್ಕ ಮತ್ತು ಹಸಿರು ತೆರಿಗೆ ಸೇರಿ ರೂ. 10,500 ಎಂದು ಹಿಡಿಯೋಣ. ದುರಸ್ತಿಯಾದ ಕಾರು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು ರೂ. 16,100 ಆಯಿತು. ಇದಕ್ಕೆ ಮೂರನೇ ವ್ಯಕ್ತಿ ವಿಮೆ ರೂ. 2,500, ಸಣ್ಣಪುಟ್ಟ ನಿರ್ವಹಣೆ ರೂ. 8,000, ಪೆಟ್ರೋಲ್ ರೂ. 22,000 ಸೇರಿಸಿದರೆ ವರ್ಷದ ಖರ್ಚು ರೂ. 48,600. ದುರಸ್ತಿಗೆ ಹಾಕಿದ ಹಣವು ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಸೇರಿಸಿದರೆ ಹೆಚ್ಚುಕಡಿಮೆ ರೂ. 52,000.

ಇದರ ಬದಲು ರೂ. 2,50,000 ಕೊಟ್ಟು ಬೇರೊಂದು ಬಳಸಿದ ಕಾರನ್ನು ಕೊಂಡು, ನಾಲ್ಕು ವರ್ಷದ ನಂತರ ರೂ. 1,10,000ಕ್ಕೆ ಮಾರಿದರೆ ಬೆಲೆ ಇಳಿಕೆಯೇ ವರ್ಷಕ್ಕೆ ರೂ. 35,000. ಶೇಕಡಾ 7ರಂತೆ ಬಡ್ಡಿ ರೂ. 17,500, ಪೂರ್ಣ ವಿಮೆ ರೂ. 9,000, ನಿರ್ವಹಣೆ ರೂ. 6,000, ಪೆಟ್ರೋಲ್ ರೂ. 17,000 ಸೇರಿ ಒಟ್ಟು ರೂ. 84,500. ಕಾರೇ ಇಲ್ಲದೆ ಅಗತ್ಯ ಬಿದ್ದಾಗ ಬಾಡಿಗೆ ಕಾರು ಮಾಡಿದರೆ ಕಿ.ಮೀ.ಗೆ ರೂ. 20ರಂತೆ ರೂ. 60,000. ಹಳೆಯ ಕಾರಿನ ಗುಜರಿ ಬೆಲೆಯು ಇಂದಾಗಲಿ, ನಾಲ್ಕು ವರ್ಷದ ನಂತರವಾಗಲಿ ಹೇಗೂ ಬರುವುದರಿಂದ ಮೂರೂ ಲೆಕ್ಕದಿಂದ ಅದನ್ನು ಬಿಡಲಾಗಿದೆ.

ಇಲ್ಲಿ ದುರಸ್ತಿಯೇ ಅಗ್ಗವೆಂದು ಕಾಣುತ್ತದೆ. ಆದರೆ ದುರಸ್ತಿ ಎರಡೇ ವರ್ಷ ಬಾಳಿದರೆ? ಆಗ ನವೀಕರಣದ ಖರ್ಚು ಬರದಿದ್ದರೂ ರೂ. 54,000ದ ಅರ್ಧ ಅಂದರೆ ರೂ. 27,000 ಪ್ರತಿ ವರ್ಷದ ಮೇಲೆ ಬೀಳುತ್ತದೆ. ಬಡ್ಡಿ ಸಹಿತ ವರ್ಷದ ಖರ್ಚು ರೂ. 63,000 ದಾಟಿ ಬಾಡಿಗೆ ಕಾರಿಗಿಂತ ದುಬಾರಿಯಾಗುತ್ತದೆ. ಅಂದರೆ ಇಡೀ ತೀರ್ಮಾನವು "ಎಷ್ಟು ಖರ್ಚು" ಎಂಬುದಕ್ಕಿಂತ "ಎಷ್ಟು ವರ್ಷ" ಎಂಬುದರ ಮೇಲೆ ನಿಂತಿದೆ. ಈ ಕಾರಣಕ್ಕಾಗಿಯೇ ತಳದ ತುಕ್ಕನ್ನು ಮೊದಲು ನೋಡಬೇಕೆಂದು ಮೇಲೆ ಹೇಳಲಾಗಿರುವುದು. ದಿನವೂ ಐವತ್ತು ಕಿ.ಮೀ. ಓಡಿಸುವವರಿಗೆ ಈ ಲೆಕ್ಕ ಸಂಪೂರ್ಣ ತಿರುಗಬಹುದು. ಅವರಿಗೆ ಇಂಧನದ ಉಳಿತಾಯ ಮತ್ತು ದಾರಿಯಲ್ಲಿ ನಿಲ್ಲದಿರುವ ಭರವಸೆ ಇವೇ ಪ್ರಧಾನ. ಬಸ್ಸು ಬಾರದ ಊರಿನಲ್ಲಿ ರಾತ್ರಿ ವೇಳೆ ಆಸ್ಪತ್ರೆಗೆ ಹೋಗಬೇಕಾದ ಹಿರಿಯರಿರುವ ಮನೆಗೆ ಬಾಗಿಲಲ್ಲಿ ನಿಂತ ಕಾರಿನ ಬೆಲೆಯನ್ನು ರೂಪಾಯಿಯಲ್ಲಿ ಹೇಳುವುದು ಕಷ್ಟ ಎಂಬುದೂ ನಿಜ.

ಗಮನಿಸಿ: ಸವೆತದಿಂದ ಅಥವಾ ಯಾಂತ್ರಿಕ ದೋಷದಿಂದ ಕೆಟ್ಟ ಇಂಜಿನ್ನಿಗೆ ಸಾಮಾನ್ಯ ಮೋಟಾರು ವಿಮೆಯಲ್ಲಿ ಪರಿಹಾರ ದೊರೆಯುವುದಿಲ್ಲ.

ದುರಸ್ತಿ ಮಾಡಿಸುವುದಾದರೆ

ಅದೇ ಇಂಜಿನ್ನನ್ನು ಸರಿಪಡಿಸಿದಲ್ಲಿ ನೋಂದಣಿ ಪತ್ರದಲ್ಲಿ ಯಾವ ಬದಲಾವಣೆಯೂ ಬೇಕಿಲ್ಲ. ಆದರೆ ಬೇರೊಂದು ಇಂಜಿನ್ ಕೂರಿಸಿದಲ್ಲಿ ಇಂಜಿನ್ ಸಂಖ್ಯೆ ಬದಲಾಗುತ್ತದೆ. ಅಧಿನಿಯಮದ 52ನೇ ಪ್ರಕರಣದ ಮೇರೆಗೆ ಇದಕ್ಕೆ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯತಕ್ಕದ್ದು. ಅನುಮೋದನೆಯಿಲ್ಲದೆ ಬದಲಿಸಿದ್ದರೆ 14 ದಿನಗಳೊಳಗೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು. ಗುಜರಿಯಿಂದ ತಂದ ಇಂಜಿನ್ ಅಗ್ಗವಾಗಿ ದೊರೆಯುತ್ತದೆ ಎಂಬುದು ನಿಜವಾದರೂ, ಅದು ಯಾವ ವಾಹನದ್ದು ಎಂಬುದಕ್ಕೆ ದಾಖಲೆ ಇಲ್ಲದಿದ್ದಲ್ಲಿ ಕೊಳ್ಳಬಾರದು. ಕಳವಾದ ವಾಹನದ ಇಂಜಿನ್ ಎಂದು ತಿಳಿದುಬಂದಲ್ಲಿ ಉತ್ತರ ಹೇಳಬೇಕಾದವರು ಅದನ್ನು ಕೂರಿಸಿಕೊಂಡವರೇ.

ನೋಂದಣಿ ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಕಾರಿನ ನವೀಕರಣ ಶುಲ್ಕವು 2022ರ ಏಪ್ರಿಲ್ 1 ರಿಂದ ರೂ. 5,000 ಆಗಿದ್ದು, 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ ರೂ. 10,000ಕ್ಕೆ ಏರಿಸಲಾಗಿದೆ. ಅರ್ಜಿ ತಡವಾದಲ್ಲಿ ಕಾರುಗಳಿಗೆ ತಿಂಗಳಿಗೆ ರೂ. 500ರಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಇದಲ್ಲದೆ ಹಸಿರು ತೆರಿಗೆಯನ್ನೂ ಪಾವತಿಸತಕ್ಕದ್ದು. ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುವುದರಿಂದ ಇಂಜಿನ್ ಕೆಲಸ, ಬ್ರೇಕು, ದೀಪ, ಟೈರುಗಳ ಕೆಲಸವನ್ನು ಮುಗಿಸಿಯೇ ದಿನಾಂಕ ಪಡೆಯುವುದು ಸೂಕ್ತ.

ವಾಯುಮಾಲಿನ್ಯ ಪರೀಕ್ಷೆಯಲ್ಲಿ ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರಿಗೆ ಇಂಗಾಲದ ಮೊನಾಕ್ಸೈಡ್ ಮಿತಿ ಶೇಕಡಾ 0.5, ಹೈಡ್ರೋಕಾರ್ಬನ್ ಮಿತಿ ಹತ್ತು ಲಕ್ಷದಲ್ಲಿ 750 ಭಾಗ. ಸ್ಟೇಜ್ 4ರ ಕಾರಿಗೆ ಶೇಕಡಾ 0.3 ಮತ್ತು 200 ಭಾಗ. ಆಯಿಲ್ ಉರಿಸುವ ಇಂಜಿನ್ನಿಗೆ ಈ ಮಿತಿಯೊಳಗೆ ಬರುವುದು ಕಷ್ಟ. ದಪ್ಪನೆಯ ಆಯಿಲ್ ಅಥವಾ ಹೊಗೆ ತಡೆಯುವ ದ್ರಾವಣ ಹಾಕಿ ಪರೀಕ್ಷೆಯ ದಿನ ಹೊಗೆಯನ್ನು ಮರೆಮಾಚಿದರೆ ಸವೆದ ರಿಂಗು ಸವೆದೇ ಇರುತ್ತದೆ.

ಗುಜರಿಗೆ ಹಾಕುವುದಾದರೆ

ಈ ಭಾಗವನ್ನು ವಾಹನ ಮಾಲೀಕರು ವಿಶೇಷವಾಗಿ ಗಮನಿಸತಕ್ಕದ್ದು. ರಸ್ತೆಬದಿಯ ಗುಜರಿ ವ್ಯಾಪಾರಿಯು ಮನೆಗೆ ಬಂದು, ನಗದು ಕೊಟ್ಟು, ಕಾರನ್ನು ಎಳೆದುಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭದ ದಾರಿಯೆಂದು ತೋರುತ್ತದೆ. ಆದರೆ ಕಾರು ಹೋದ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ. ಆ ಕಾರನ್ನು ಒಡೆಯದೆ ಸರಿಪಡಿಸಿ ಮೂರನೆಯವರಿಗೆ ಮಾರಬಹುದು. ಅಥವಾ ಅದರ ಸಂಖ್ಯಾಫಲಕವನ್ನು ಬೇರೊಂದು ವಾಹನಕ್ಕೆ ಹಾಕಬಹುದು. ಅಂತಹ ವಾಹನದಿಂದ ಅಪಘಾತವಾದಲ್ಲಿ, ಅಪರಾಧ ನಡೆದಲ್ಲಿ ನೋಟೀಸು ಬರುವುದು ದಾಖಲೆಯಲ್ಲಿರುವ ಹೆಸರಿಗೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಈ ಅಂಶವನ್ನು ಸ್ಪಷ್ಟಪಡಿಸಿದೆ. ಕಾರು ಹಲವು ಕೈ ಬದಲಾಗಿದ್ದರೂ ನೋಂದಣಿ ವರ್ಗಾವಣೆಯಾಗಿರದ ಆ ಪ್ರಕರಣದಲ್ಲಿ, ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ತೀರ್ಪು ನೀಡಲಾಯಿತು. ವಿಮೆ ಇಲ್ಲದ ವಾಹನವಾಗಿದ್ದರೆ ಪರಿಹಾರದ ಮೊತ್ತವನ್ನು ಸ್ವಂತ ಜೇಬಿನಿಂದ ತುಂಬಬೇಕಾಗುತ್ತದೆ. ಹತ್ತು ಹದಿನೈದು ಸಾವಿರ ರೂಪಾಯಿಗೆ ಕೊಟ್ಟ ಕಾರು ಹೀಗೆ ಮನೆ ಜಮೀನಿನವರೆಗೆ ಬರಬಹುದು. ಬಿಳಿ ಹಾಳೆಯ ಮೇಲೆ ಬರೆಸಿಕೊಂಡ ಮಾರಾಟ ಚೀಟಿಯು ನೋಂದಣಿ ವರ್ಗಾವಣೆಗೆ ಸಮನಲ್ಲ.

ಆದುದರಿಂದ ವಾಹನವನ್ನು ನೋಂದಾಯಿತ ವಾಹನ ಗುಜರಿ ಘಟಕಕ್ಕೆ ಮಾತ್ರ ಒಪ್ಪಿಸತಕ್ಕದ್ದು. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಇಂತಹ ಘಟಕಗಳಿಗೆ ಸಂಬಂಧಿಸಿದ ನಿಯಮಗಳನ್ನು ಹೊರಡಿಸಿದೆ. ವಾಹನ ಎಲ್ಲಿ ನೋಂದಣಿಯಾಗಿದ್ದರೂ ದೇಶದ ಯಾವುದೇ ನೋಂದಾಯಿತ ಘಟಕಕ್ಕೆ ನೀಡಬಹುದು. ಘಟಕದವರು ಸಾರಿಗೆ ದತ್ತಾಂಶದಲ್ಲಿ ಹಾಗೂ ಕಳವು ವಾಹನಗಳ ದಾಖಲೆಯಲ್ಲಿ ವಾಹನವನ್ನು ಪರಿಶೀಲಿಸಿ, ಠೇವಣಿ ಪ್ರಮಾಣಪತ್ರವನ್ನು ನೀಡುತ್ತಾರೆ. ನಂತರ ಇಂಧನ, ಆಯಿಲ್, ಬ್ಯಾಟರಿ, ಎ.ಸಿ. ಅನಿಲ ಇವುಗಳನ್ನು ಸುರಕ್ಷಿತವಾಗಿ ಹೊರತೆಗೆದು ವಾಹನವನ್ನು ಒಡೆಯುತ್ತಾರೆ. ಚಾಸಿಸ್ ಸಂಖ್ಯೆಯಿರುವ ತಗಡನ್ನು ಕತ್ತರಿಸಿ ನಿಗದಿತ ಅವಧಿಯವರೆಗೆ ಕಾಯ್ದಿಡುತ್ತಾರೆ. ಒಡೆದ ಮೇಲೆ ಗುಜರಿ ಪ್ರಮಾಣಪತ್ರವನ್ನು ನೀಡುತ್ತಾರೆ. ಠೇವಣಿ ಪ್ರಮಾಣಪತ್ರವನ್ನು ಪಡೆದಷ್ಟಕ್ಕೆ ನಿಲ್ಲದೆ, ತಮ್ಮ ವಾಹನದ ನೋಂದಣಿ ರದ್ದಾಗಿರುವುದು ದತ್ತಾಂಶದಲ್ಲಿ ಕಾಣುತ್ತದೆಯೇ ಎಂಬುದನ್ನು ಮಾಲೀಕರು ಖಚಿತಪಡಿಸಿಕೊಳ್ಳತಕ್ಕದ್ದು. ಶಾಶ್ವತವಾಗಿ ಬಳಕೆಗೆ ಅನರ್ಹವಾದ ವಾಹನದ ವಿಷಯವನ್ನು 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡುವುದು ಅಧಿನಿಯಮದ 55ನೇ ಪ್ರಕರಣದಂತೆ ಮಾಲೀಕರ ಕರ್ತವ್ಯ.

ನೋಂದಣಿ ಅವಧಿ ಮುಗಿದ ಕಾರನ್ನು ಮನೆ ಮುಂದೆ, ಬೀದಿ ಬದಿಯಲ್ಲಿ ವರ್ಷಾನುಗಟ್ಟಲೆ ನಿಲ್ಲಿಸುವುದೂ ಈಗ ನಿಯಮಬಾಹಿರ. 2025ರ ಏಪ್ರಿಲ್ 1 ರಿಂದ ಜಾರಿಗೆ ಬಂದಿರುವ ಬಾಳಿಕೆ ಮುಗಿದ ವಾಹನಗಳ ನಿಯಮಗಳ ಮೇರೆಗೆ, ವಾಹನವು ಬಾಳಿಕೆ ಮುಗಿದದ್ದೆಂದು ಆದ ದಿನದಿಂದ 180 ದಿನಗಳೊಳಗೆ ಅದನ್ನು ಗುಜರಿ ಘಟಕಕ್ಕೆ ಅಥವಾ ತಯಾರಕರ ಸಂಗ್ರಹ ಕೇಂದ್ರಕ್ಕೆ ಒಪ್ಪಿಸತಕ್ಕದ್ದಾಗಿದೆ.

ಘಟಕಕ್ಕೆ ಹೋಗುವ ಮುನ್ನ ಬಾಕಿ ತೆರಿಗೆ, ಸಂಚಾರ ದಂಡಗಳನ್ನು ಪಾವತಿಸಿರಬೇಕು. ಕಾರನ್ನು ಸಾಲದಲ್ಲಿ ಕೊಂಡಿದ್ದು, ಸಾಲ ತೀರಿ ಎಷ್ಟೋ ವರ್ಷಗಳಾಗಿದ್ದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿರುವುದು ಸಾಮಾನ್ಯ. ಬ್ಯಾಂಕಿನ ಪತ್ರದೊಂದಿಗೆ ನಮೂನೆ 35ನ್ನು ಸಲ್ಲಿಸಿ ಅದನ್ನು ತೆಗೆಸಿರಬೇಕು. ಮಾಲೀಕರು ತೀರಿಕೊಂಡಿದ್ದಲ್ಲಿ ವಾರಸುದಾರರು ಮೊದಲು ತಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ದಾಖಲೆ ಸರಿಪಡಿಸಿಕೊಳ್ಳುವುದು ಸೂಕ್ತ. ತಂದೆಯ ಹೆಸರಿನಲ್ಲಿಯೇ ಉಳಿದ ಕಾರನ್ನು ಮಕ್ಕಳು ನೇರವಾಗಿ ಗುಜರಿಗೆ ತೆಗೆದುಕೊಂಡು ಹೋದಲ್ಲಿ ಅಲ್ಲಿಂದ ಹಿಂದಿರುಗಬೇಕಾಗುತ್ತದೆ.

ಬೆಲೆಯ ವಿಷಯದಲ್ಲಿ ಹೆಚ್ಚಿನ ನಿರೀಕ್ಷೆ ಬೇಡ. ಕಾರಿನ ತೂಕ ಮತ್ತು ಅಂದಿನ ಲೋಹದ ದರದ ಮೇಲೆ ಮೊತ್ತ ನಿರ್ಧಾರವಾಗುತ್ತದೆ. ಮಾರುತಿ 800 ಕಾರಿನ ತೂಕ ಸುಮಾರು 650 ಕಿಲೋ ಮಾತ್ರ. ಠೇವಣಿ ಪ್ರಮಾಣಪತ್ರದ ನಿಜವಾದ ಪ್ರಯೋಜನ ಹೊಸ ಕಾರು ಕೊಳ್ಳುವವರಿಗೆ. ಹೊಸ ವಾಹನದ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಇದ್ದು, ಸಾರಿಗೇತರ ವಾಹನದ ತೆರಿಗೆಯಲ್ಲಿ ಗರಿಷ್ಠ ಶೇಕಡಾ 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳಲ್ಲಿ ಅವಕಾಶವಿದೆ. ರಾಜ್ಯದಲ್ಲಿ ದೊರೆಯುವ ಮೊತ್ತವನ್ನು ಹೊಸ ಕಾರಿನ ಬೆಲೆ ಮಾತನಾಡುವ ಮುನ್ನವೇ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಹೊಸ ಕಾರು ಕೊಳ್ಳದವರು ಈ ಪ್ರಮಾಣಪತ್ರವನ್ನು ವಿದ್ಯುನ್ಮಾನ ವ್ಯವಸ್ಥೆಯ ಮೂಲಕ ಬೇರೆಯವರಿಗೆ ವರ್ಗಾಯಿಸಲು ಅವಕಾಶವಿದೆ.

ಕಾರು ಹೋದ ಮೇಲೆ ವಿಮಾ ಕಂಪನಿಗೆ ಪ್ರಮಾಣಪತ್ರದ ಪ್ರತಿಯನ್ನು ಕಳುಹಿಸಿ ಪಾಲಿಸಿಯನ್ನು ರದ್ದುಪಡಿಸಿಕೊಳ್ಳಬೇಕು. ಪೂರ್ಣ ವಿಮೆ ಇದ್ದು, ಪರಿಹಾರ ಕೋರದ ವರ್ಷಗಳ ಬೋನಸ್ ಸೇರಿದ್ದಲ್ಲಿ ಅದನ್ನು ಮುಂದಿನ ಕಾರಿಗೆ ಉಳಿಸಿಕೊಳ್ಳುವ ಪತ್ರವನ್ನು ಕೇಳಿ ಪಡೆಯಬಹುದು; ಬರೀ ಮೂರನೇ ವ್ಯಕ್ತಿ ವಿಮೆಗೆ ಈ ಬೋನಸ್ ಇರುವುದಿಲ್ಲ. ಗಾಜಿನ ಮೇಲಿನ ಫಾಸ್ಟ್ಯಾಗನ್ನು ಕಾರು ಒಪ್ಪಿಸುವ ಮುನ್ನವೇ ಕಿತ್ತು, ನೀಡಿದ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಮುಚ್ಚಿಸಿ, ಉಳಿದ ಹಣವನ್ನು ಹಿಂಪಡೆಯತಕ್ಕದ್ದು.